ಹಗೇವಿನ ಗುಮ್ಮ

ಜೇವರ್ಗಿಯ ನಮ್ಮಜ್ಜನ ಮನೆಯಲ್ಲಿ ಹಗೇವಿನ ಬಾಯಿ ತೆಗೆದ ದಿನ ಅಂಗಳದ ತುಂಬ ಹುಳಿಯೇರಿದ ಜೋಳದ ವಾಸನೆ. ತಂಪು ಮಣ್ಣು, ಬೆಚ್ಚಗಿನ ಕಾಳು, ಮುಗ್ಗಿದ ಹೊಟ್ಟು ಮೂರೂ ಕೂಡಿದ ವಾಸನೆ ಅದು. ಹಗೇವೆಂದರೆ ನೆಲದೊಳಗೆ ಬಾವಿಯಂತೆ ತೋಡಿದ ಕಣಜ. ವರ್ಷಗಟ್ಟಲೆ ಜೋಳವನ್ನು ಅದರಲ್ಲಿ ಮುಚ್ಚಿಡುತ್ತಿದ್ದರು. "ಹತ್ರ ಹೋಗಬ್ಯಾಡ, ಒಳಗ ಗುಮ್ಮ ಕುಂತಾನ" ಎಂದು ಅಜ್ಜಿ ನನ್ನನ್ನು ಹಿಂದಕ್ಕೆ ಎಳೆಯುತ್ತಿದ್ದಳು. ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ, ಇಳಿದವರು ಉಸಿರುಗಟ್ಟಿ ಸಾಯುತ್ತಾರೆ ಎಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ತಿಳಿದಿದ್ದೂ, ಬೇಕಾದ ದಿನ ನೆನಪಿಗೆ ಬರಲಿಲ್ಲ.

೧೯೮೪ರಲ್ಲಿ ನಾನು ಆಳಂದದಲ್ಲಿ ಕೋಣೆ ಹಿಡಿದು, ನಿಂಬರ್ಗಾದ ಆಚೆಯ ಒಂದು ಸಣ್ಣ ಊರಿನ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆ ವರ್ಷ ಶಾಲೆಗೆ ಒಂದು ಪೆಟ್ಟಿಗೆ ಚಿತ್ರದ ಪುಸ್ತಕಗಳು ಬಂದವು. ಹೆಡ್‌ಮಾಸ್ತರ ಶ್ರೀಪಾದರಾಯರು ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಹುಡುಗ್ರು ಹರದ್ರ ಸಾಹೇಬ್ರಿಗೆ ಜವಾಬು ನೀವು ಕೊಡ್ತೀರೇನು?"

"ಓದಿ ಹರೀಲಿ ಅಂತನ ಕಳಿಸ್ಯಾರ್ರಿ."

"ಹಂಗಂತ ಬರದು ಕೊಡಸ್ರಿ, ಬೀಗ ತಗೀತೇನಿ."

ಬರೆಸಿ ತರಲು ಮೂರು ಸಲ ಆಳಂದದ ಶಿಕ್ಷಣ ಕಚೇರಿಗೆ ಅಲೆದೆ. ಮೊದಲ ಸಲ ಸಾಹೇಬರು ಇರಲಿಲ್ಲ. ಎರಡನೆಯ ಸಲ ಇದ್ದರು, ಕೇಳಲಿಲ್ಲ. ಮೂರನೆಯ ಸಲ ಜವಾನ ನಿಜಾಮುದ್ದೀನ ನನಗೆ ಕುಡಿಯಲು ನೀರು ಕೊಟ್ಟು, ಯಾರೂ ಹೇಳದೆಯೇ ನನ್ನ ಅರ್ಜಿಯನ್ನು ಎಲ್ಲ ಕಾಗದಗಳ ಮೇಲಿಟ್ಟ. ಹಾಗಾಗಿ ಸಹಿ ಬಿತ್ತು, ಬೀರುವಿನ ಬೀಗ ತೆರೆಯಿತು.

ನನಗೆ ಅಷ್ಟು ಅವಸರವಿದ್ದದ್ದು ಭೌರಿಗಾಗಿ. ಏಳು ವರ್ಷದ ಹುಡುಗಿ. ತಾಯಿ ಗುರಮ್ಮ ಹೊತ್ತು ಮೂಡುವ ಮೊದಲೇ ಕುರುಪಿ ಹಿಡಿದು ತೊಗರಿ ಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದಳು. ಶಾಲೆಯ ದಾರಿ ಊರಿನ ಜಮೀನ್ದಾರ ದೌಲತರಾಯರ ವಾಡೆಯ ಅಂಗಳ ಹಾದು ಬರುತ್ತಿತ್ತು. ಆ ಅಂಗಳದಲ್ಲಿ ಎರಡು ಹಗೇವು. ಅವುಗಳೊಳಗಿನ ಗುಮ್ಮನಿಗೆ ಅಂಜಿ ಭೌರಿ ಒಬ್ಬಳೇ ಬರುತ್ತಿರಲಿಲ್ಲ. ಯಾರಾದರೂ ಕೈ ಹಿಡಿದು ಕರೆತಂದರೆ ವಾರಕ್ಕೆ ಎರಡು ದಿನ ಬಂದಾಳು. ಇನ್ನೊಂದು ವರ್ಷ ಹೀಗೇ ಕಳೆದರೆ ಅವಳ ಕೈಗೂ ಕುರುಪಿ ಬರುತ್ತದೆ, ಶಾಲೆ ಮುಗಿಯುತ್ತದೆ ಎಂಬ ಚಿಂತೆ ನನಗೆ.

ಪುಸ್ತಕಗಳಲ್ಲೊಂದು ಹಸಿರು ಮೈಯ ರಾಕ್ಷಸನದು. ಅವನು ಒಬ್ಬ ಹುಡುಗನ ಮಂಚದ ಕೆಳಗೆ ಇರುತ್ತಾನೆ. ಹುಡುಗ ಒಂದು ದಿನ ಧೈರ್ಯ ಮಾಡಿ ತನ್ನ ಮಿಠಾಯಿ ಕೊಡುತ್ತಾನೆ, ಇಬ್ಬರೂ ಗೆಳೆಯರಾಗುತ್ತಾರೆ. ಓದತೊಡಗಿದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬ ಕೇಳಿದ:

"ಮಂಚದ ಬುಡಕ ಯಾಕ ಕುಂತಾನ್ರೀ? ಆಡು ಕಟ್ಯಾರೇನು?"

ಎಲ್ಲರೂ ನಕ್ಕರು. ನೆಲದ ಮೇಲೆ ಕೌದಿ ಹಾಸಿ ಮಲಗುವ ಮಕ್ಕಳಿಗೆ ಮಂಚದ ಬುಡವೆಂದರೆ ಆಡು ಕಟ್ಟುವ ಜಾಗ. ಕಥೆ ಕೈತಪ್ಪುತ್ತಿದೆ ಎನ್ನಿಸಿ ನಾನು ಅಂದೆ: "ಮಂಚ ಬ್ಯಾಡ. ಈ ಗುಮ್ಮ ಹಗೇವಿನಾಗ ಇದ್ದ ಅಂತ ತಿಳ್ಕೊರಿ."

ನಗು ನಿಂತಿತು. ಭೌರಿ ತೆವಳಿಕೊಂಡು ಮುಂದೆ ಬಂದು ಕೂತಳು. ನಾನು ಪುಟ ತಿರುವುತ್ತ, ಒಳಗೊಳಗೇ ಹಿಗ್ಗುತ್ತ, ಹಗೇವಿನ ಗುಮ್ಮನನ್ನು ಪಾಪದವನನ್ನಾಗಿ, ಒಬ್ಬಂಟಿಯನ್ನಾಗಿ, ಹಸಿದವನನ್ನಾಗಿ ಮಾಡಿದೆ. ಮರುದಿನದಿಂದ ಭೌರಿ ಒಬ್ಬಳೇ ಶಾಲೆಗೆ ಬಂದಳು. ಸತತ ಒಂಬತ್ತು ದಿನ ಬಂದಳು. ನನ್ನ ಸೊಕ್ಕಿಗೆ ಅಷ್ಟು ಸಾಕಾಗಿತ್ತು.

ಹತ್ತನೆಯ ದಿನ ದೌಲತರಾಯರ ಆಳುಗಳು ಒಂದು ಹಗೇವಿನ ಮುಚ್ಚಳದ ಕಲ್ಲು ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಬಿಟ್ಟು ಚಹಾಕ್ಕೆ ಹೋಗಿದ್ದರು. ಭೌರಿ ಬೆಲ್ಲದ ಹೆಂಟೆ ಹಿಡಿದು ಬಂದು, ಬಾಯಿಯ ಕಲ್ಲಿನ ಸಂದಿಗೆ ಕಾಲಿಟ್ಟು ಒಳಗೆ ಇಳಿದಳು. ವಾಡೆಯ ಮುದುಕ ಆಳು ಖಾದರಸಾಬ ಚೀಲ ಹೊಲಿಯುತ್ತ ಅತ್ತ ಬೆನ್ನು ಮಾಡಿ ಕೂತಿದ್ದನು. ಧಪ್ಪೆಂದ ಸದ್ದು ಕೇಳಿ ಓಡಿ ಬಂದು, ಸೊಂಟಕ್ಕೆ ಹಗ್ಗ ಬಿಗಿದು, ಚಹಾ ಬಿಟ್ಟು ಓಡಿಬಂದವರ ಕೈಗೆ ಅದರ ತುದಿ ಕೊಟ್ಟು, ಉಸಿರು ಹಿಡಿದು ಇಳಿದು ಅವಳನ್ನು ಎತ್ತಿ ತಂದನು. ಬಾಯಿಯಿಂದ ಒಂದಾಳು ಕೆಳಗೇ ಜೋಳ ಇದ್ದು, ಅವಳು ತಳಕ್ಕೆ ಬೀಳದ್ದು ಪುಣ್ಯ. ಟ್ರ್ಯಾಕ್ಟರಿನಲ್ಲಿ ಆಳಂದದ ದವಾಖಾನೆಗೆ ಒಯ್ದರು. ಬದುಕಿದಳು.

ಬೀರುವಿಗೆ ಮತ್ತೆ ಬೀಗ ಬಿತ್ತು. ಈ ಸಲ ನಾನು ಬಾಯಿ ತೆಗೆಯುವಂತಿರಲಿಲ್ಲ. ಹಗೇವನ್ನೇ ಕಾಣದ ಯಾರೋ ಬರೆದ ಪುಸ್ತಕದ ಮೇಲೆ ಸಿಟ್ಟು ಬಂತು. ಹಗೇವಿನ ಪಕ್ಕದಲ್ಲೇ ಬೆಳೆದ ನನ್ನ ಮೇಲೆ ಅದಕ್ಕಿಂತ ಹೆಚ್ಚು. ಆದರೆ ಮಕ್ಕಳಿಗೆ ಗುಮ್ಮನ ಹೆಸರು ಹೇಳಿ, ಗಾಳಿಯ ವಿಷಯ ಒಬ್ಬರೂ ಹೇಳಿರಲಿಲ್ಲವಲ್ಲ! ಈ ಮಾತನ್ನು ಯಾರ ಮುಂದೆ ಆಡಲಿ? ನನಗೆ ಆಡುವ ಹಕ್ಕೇ ಉಳಿದಿರಲಿಲ್ಲ.

ಭೌರಿ ಗುಣವಾಗಿ ಮನೆಗೆ ಬಂದ ಮೇಲೆ ಗುರಮ್ಮನ ಬಾಗಿಲಿಗೆ ಹೋದೆ. ಅವಳು ಹೊಸ್ತಿಲಲ್ಲೇ ನಿಂತಳು.

"ಗುಮ್ಮಗ ಅಂಜತಿದ್ಲು, ಅಂಜಿ ಜೀಂವ ಉಳಿಸ್ಕೊಂಡಿದ್ಲು. ನೀವು ಅಂಜಿಕಿ ಬಿಡಿಸಿದ್ರಿ. ಸಾಕ್ರೀ ಬಾಯಾರ, ನನ್ನ ಮಗಳು ನನಗಿರಲಿ."

ಇನ್ನೂ ಎರಡು ಸಲ ಹೋದೆ. ಎರಡು ಸಲವೂ ಬಾಗಿಲು ತೆರೆಯಲಿಲ್ಲ. ವಾಪಸು ಬರುವಾಗ ಅಂಗಳದಲ್ಲಿ ಖಾದರಸಾಬ ಸಿಕ್ಕನು.

"ಏನ್ರಿ ಬಾಯಾರ, ಇಷ್ಟ್ ಓದೀರಿ, ಹಗೇವಿನಾಗ ಮೊದಲ ಕಂದೀಲು ಇಳಸೂದು ಗೊತ್ತಿಲ್ಲ?" ಎಂದನು. ನನ್ನ ಮುಖ ನೋಡಿ ದನಿ ಇಳಿಸಿದನು. "ಹೋಗ್ಲಿ ಬಿಡ್ರಿ. ನಾಡದು ಇನ್ನೊಂದು ತಗೀತೇವಿ. ಹುಡುಗ್ರನ್ನ ಕರಕೊಂಡ್ ಬರ್ರಿ, ತೋರಸ್ತೇನಿ."

ಶ್ರೀಪಾದರಾಯರು ಕೇಳಿ ಕೆಂಡವಾದರು. "ಹಗೇವು ಯಾವ ಪಾಠದಾಗ ಬರ್ತದ್ರಿ? ಶಾಲಿ ನಡಸ್ತೀರೋ ತಮಾಷೆ ನಡಸ್ತೀರೋ?" ನಾನು ಮಕ್ಕಳನ್ನು ಸಾಲು ಮಾಡಿಕೊಂಡು ಹೊರಟೇಬಿಟ್ಟೆ. ವಾಡೆಗೆ ಬಂದಾಗ ಹೆಡ್‌ಮಾಸ್ತರರು ನನಗಿಂತ ಮೊದಲೇ ಅಲ್ಲಿದ್ದರು. ಹಗೇವಿನಿಂದ ಹತ್ತು ಮಾರು ದೂರಕ್ಕೆ ಹಗ್ಗ ಕಟ್ಟಿ, "ಇದರ ಆಚಿಗೆ ಕಾಲಿಟ್ಟವ್ರ ಕಾಲು ಮುರೀತೇನಿ" ಎಂದು ಮಕ್ಕಳ ಮುಂದೆ ತಾವೇ ನಿಂತರು.

ಗುರಮ್ಮನಿಗೂ ಖಾದರಸಾಬನೇ ಹೇಳಿ ಕಳಿಸಿದ್ದನಂತೆ. ಅವಳು ಭೌರಿಯನ್ನು ಬಗಲಲ್ಲಿ ಎತ್ತಿಕೊಂಡು ಗೋಡೆಗೆ ಆನಿಕೊಂಡಿದ್ದಳು.

ಕಲ್ಲು ಸರಿಸಿದರು. ಖಾದರಸಾಬ ಕಂದೀಲು ಹಚ್ಚಿ, ಎಲ್ಲರಿಗೂ ತೋರಿಸಿ, ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟನು. ಎಳೆದಾಗ ಅದು ಆರಿತ್ತು. ಮತ್ತೆ ಹಚ್ಚಿ ಬಿಟ್ಟನು. ಮತ್ತೆ ಆರಿತು.

ಗೋಡೆಯ ಕಡೆಯಿಂದ ಭೌರಿಯ ಸಣ್ಣ ದನಿ ಬಂತು. "ಗುಮ್ಮ ಊದಿದನೇನ್ರಿ?"

"ಇಲ್ಲ ಭೌರಿ, ಅಲ್ಲಿ ಒಳ್ಳೆ ಗಾಳಿ ಇಲ್ಲ" ಎಂದೆ. "ಉಸಿರಾಡಾಕ ಆಗಂಗಿಲ್ಲ. ನಾನು ಹೇಳಿದ್ದು ತಪ್ಪಾತು."

"ಗುಮ್ಮ ಬಂದ್ರೂ ಅಲ್ಲಿ ಬದಕಂಗಿಲ್ಲ ಬೇ" ಎಂದನು ಖಾದರಸಾಬ. ಮಕ್ಕಳು ನಕ್ಕರು. ಭೌರಿ ನಗಲಿಲ್ಲ, ಆರಿದ ಕಂದೀಲನ್ನೇ ನೋಡುತ್ತಿದ್ದಳು. ಗುರಮ್ಮ ಅವಳನ್ನು ಎತ್ತಿಕೊಂಡು ಹೋದಳು.

ಆಮೇಲೆ ನಾಲ್ಕು ದಿನ ಭೌರಿ ಬರಲಿಲ್ಲ. ನನಗೆ ಪಾಠದಲ್ಲಿ ಮನಸ್ಸಿರಲಿಲ್ಲ. ಬೀರುವಿನ ಗಾಜಿನ ಹಿಂದೆ ಹಸಿರು ರಾಕ್ಷಸ ಹಲ್ಲು ಕಿರಿಯುತ್ತಿದ್ದ. ಹೋಗಿ ಅವನ ಮುಖ ಕಾಣದಂತೆ ಗಾಜಿಗೆ ಹಳೆಯ ಕಾಗದ ಅಂಟಿಸಿಬಿಡೋಣ ಎನ್ನಿಸುತ್ತಿತ್ತು.

ಐದನೆಯ ದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಗುರಮ್ಮ ಬಾಗಿಲಲ್ಲಿ ನಿಂತಿದ್ದಳು, ಕುರುಪಿ ಸೊಂಟಕ್ಕೆ ಸಿಕ್ಕಿಸಿಕೊಂಡು. ಹೊಲಕ್ಕೆ ಹೊರಟವಳು ತಡವಾಗಿದ್ದಳು. ಭೌರಿ ಅವಳ ಪಕ್ಕದಿಂದ ಜಾರಿ, ನನ್ನ ಕಡೆ ನೋಡದೆ, ಮೊದಲ ಸಾಲಿನಲ್ಲಿ ಹೋಗಿ ಕೂತಳು.

ನಾನು ಏನೋ ಹೇಳಲು ಹೋದೆ. ಗುರಮ್ಮ ಬೇಡವೆಂದು ತಲೆ ಅಲ್ಲಾಡಿಸಿದಳು. ಮಗಳ ಮಧ್ಯಾಹ್ನದ ಊಟ ಕಟ್ಟಿದ ಬಟ್ಟೆಯ ಗಂಟನ್ನು ಸೆರಗಿನಡಿಯಿಂದ ತೆಗೆದು ನನ್ನ ಕೈಯಲ್ಲಿಟ್ಟಳು.