ಎರಡು ಬ್ಯಾಗು, ಒಂದೇ ತೂಕ

ನಮ್ಮ ಯಜಮಾನರ ಕೈಗೆ ಏನು ಕೊಟ್ಟರೂ ಮೊದಲು ಅದರ ತೂಕ ನೋಡುತ್ತಾರೆ. ಹುಟ್ಟಿದ ಮಗಳನ್ನು ನರ್ಸಮ್ಮ ತಂದು ಕೈಗಿಟ್ಟಾಗಲೂ ಅಷ್ಟೇ. ಮಗುವಿನ ಮುಖ ನೋಡುವ ಮೊದಲೇ ಮೆಲ್ಲಗೆ ಒಂದು ಸಲ ಎತ್ತಿ ಇಳಿಸಿ, "ಈ ಆಸ್ಪತ್ರೆ ತಕ್ಕಡಿ ಸ್ವಲ್ಪ ಜಾಸ್ತಿ ತೋರಿಸಿದೆ" ಎಂದರಂತೆ. ತಕ್ಕಡಿ ರಿಪೇರಿ ಅವರ ಕಸುಬು. ನಾನು ಟಾರ್ಪಾಲು ಹೊಲಿಯುವವಳು. ಇಬ್ಬರದೂ ಒಂದೇ ಅಂಗಡಿ. ಅರ್ಧದಲ್ಲಿ ಅವರ ತಕ್ಕಡಿಗಳು, ಇನ್ನರ್ಧದಲ್ಲಿ ನನ್ನ ಮಷೀನು, ಲಾರಿ ಹೊದಿಕೆಗಳ ರಾಶಿ, ಮೇಣ ತೀಡಿದ ಕಿತ್ತಳೆ ಬಣ್ಣದ ನೈಲಾನ್ ದಾರದ ಉಂಡೆಗಳು. ನಡುವೆ ನೆಲದ ಮೇಲೆ ಸೀಮೆಸುಣ್ಣದ ಗೆರೆ. ಎಳೆದವರು ಯಾರೆಂದು ಬೇರೆ ಹೇಳಬೇಕೆ? ನನ್ನ ಟಾರ್ಪಾಲಿನ ಮೂಲೆ ಗೆರೆ ದಾಟಿದರೆ ಮಾತಾಡುವುದಿಲ್ಲ, ಕಾಲ್ಬೆರಳಿನಿಂದ ಮೆಲ್ಲಗೆ ಈಚೆ ತಳ್ಳುತ್ತಾರೆ. ನನಗೆ ಮೈಯೆಲ್ಲ ಉರಿದುಹೋಗುತ್ತದೆ.

ನಮ್ಮ ಒಬ್ಬಳೇ ಮಗಳು ಪುಟ್ಟಿ ಓದು ಮುಗಿಸಿ ಹಿಡಿದದ್ದು ಕಾಡಿನ ದಾರಿ. ಚಾರಣಕ್ಕೆ ಬರುವವರನ್ನು ಬೆಟ್ಟ ಹತ್ತಿಸಿ, ಕೈಕಾಲು ನೆಟ್ಟಗಿರುವಂತೆ ವಾಪಸು ಇಳಿಸುವ ಗೈಡು ಅವಳು. ಬೆಟ್ಟದ ನೆತ್ತಿಯ ಹತ್ತಿರ ಒಂದು ತಂಗುದಾಣವಿದೆ, ಅಲ್ಲೇ ವಾಸ. ಇದೂ ಒಂದು ಕೆಲಸವೇ ಎಂದು ನಾನು ಫೋನಿನಲ್ಲಿ ಕೂಗಾಡಿದಾಗಲೆಲ್ಲ, "ಒಂದ್ಸಲ ಬಂದು ನೋಡಮ್ಮ, ಆಮೇಲೆ ಬೈಯಿ" ಎನ್ನುತ್ತಿದ್ದಳು. ಬೈಯುವುದಕ್ಕಾದರೂ ಹೋಗಲೇಬೇಕು ಎಂದು ನನಗೆ ಹಟ ಬಂತು. ಹೇಳದೆ ಕೇಳದೆ ಹೋಗಿ ಬಾಗಿಲು ತಟ್ಟೋಣ ಎಂಬುದು ಇವರ ಉಪಾಯ.

"ಹೇಳಿದ್ರೆ ಬೇಡ ಅಂತಾಳೆ ಕಣೇ. ಇಲ್ಲಾ, ತಾನೇ ಕೆಳಗಿಳಿದು ಬಂದು ನಮ್ಮನ್ನ ಎತ್ಕೊಂಡು ಹೋಗ್ತಾಳೆ. ನಮ್ಮ ಕಾಲಲ್ಲಿ ನಾವು ಹತ್ತೋಣ."

ಹಾಗಾಗಿ ಬೆಟ್ಟ ಹತ್ತಲು ಏನೇನು ಒಯ್ಯಬೇಕೆಂದು, ಯಾರೋ ಗಿರಾಕಿಗೆ ಬೇಕಾಗಿದೆ ಎಂಬಂತೆ ಪುಟ್ಟಿಯ ಹತ್ತಿರ ಕೇಳಿಕೊಂಡೆ. ಅವಳು ಒಂದೇ ಉಸಿರಿಗೆ ಒಪ್ಪಿಸಿದಳು. ನಕ್ಷೆ, ದಿಕ್ಸೂಚಿ, ಟಾರ್ಚು, ಬೆಂಕಿಪೊಟ್ಟಣ, ಗಾಯಕ್ಕೆ ಕಟ್ಟುವ ಬಟ್ಟೆ, ಮಾತ್ರೆ, ಚಾಕು, ಬೇಕಾದ್ದಕ್ಕಿಂತ ಒಂದು ಹೊತ್ತಿನದು ಹೆಚ್ಚು ತಿಂಡಿ, ನೀರು, ಬೆಚ್ಚನೆ ಬಟ್ಟೆ, ಮಳೆಗಾಳಿಗೆ ಮೇಲೆ ಕಟ್ಟಿಕೊಳ್ಳಲು ಒಂದು ಟಾರ್ಪಾಲಿನ ಹಾಳೆ, ಒಂದು ಸೀಟಿ. "ಇಷ್ಟೂ ಒಬ್ಬೊಬ್ಬರ ಬ್ಯಾಗಲ್ಲೂ ಇರ್ಬೇಕು ಅಂತ ಹೇಳಮ್ಮ. ಕಾಡು ಅಂದ್ರೆ ಎಲ್ರೂ ಹುಲಿಗೆ ಹೆದರ್ತಾರೆ. ಅಲ್ಲಿ ಒದ್ದೆ ಬಟ್ಟೆ, ತಣ್ಣನೆ ಗಾಳಿ, ಇವೆರಡು ಸಾಕು ಮನುಷ್ಯನ್ನ ಮುಗಿಸೋಕೆ."

"ಎರಡೆರಡು ಯಾಕೆ? ನಾವೇನು ಬೇರೆ ಬೇರೆ ಹೋಗ್ತೀವಾ?" ಎಂದರು ಇವರು.

ಅಂಗಡಿಯಲ್ಲಿದ್ದ ದೊಡ್ಡ ತಕ್ಕಡಿಯನ್ನು ತೊಲೆಗೆ ನೇತುಹಾಕಿ, ತಟ್ಟೆ ಬಿಚ್ಚಿ, ಆ ಕಡೆಗೊಂದು ಈ ಕಡೆಗೊಂದು ಬ್ಯಾಗು ತಗುಲಿಸಿದರು. ಆಮೇಲೆ ಶುರುವಾಯಿತು ನೋಡಿ! ಟಾರ್ಚು ನನ್ನ ಬ್ಯಾಗಿಗೆ ಬಿತ್ತು. ಮುಳ್ಳು ನನ್ನ ಕಡೆ ವಾಲಿತು. ಟಾರ್ಚಿನ ಸೆಲ್ಲು ತೆಗೆದು ತಮ್ಮ ಬ್ಯಾಗಿಗೆ ಹಾಕಿಕೊಂಡರು. ಬೆಂಕಿಕಡ್ಡಿಗಳನ್ನು ನೆನೆಯಬಾರದೆಂದು ಮಾತ್ರೆ ಡಬ್ಬಿಯೊಳಗೆ ತುಂಬಿ ತಾವಿಟ್ಟುಕೊಂಡರು, ಖಾಲಿ ಪೊಟ್ಟಣ ನನ್ನ ಪಾಲು. ನಕ್ಷೆ ನನಗೆ, ದಿಕ್ಸೂಚಿ ಅವರಿಗೆ. ಗಾಯದ ಬಟ್ಟೆ ನನಗೆ, ಮಾತ್ರೆ ಅವರಿಗೆ. ಬಿಸ್ಕತ್ತಿನ ಪೊಟ್ಟಣವನ್ನೂ ಒಡೆದು ಅರ್ಧ ಅರ್ಧ ಮಾಡಿದರು. ಇದ್ದದ್ದು ಒಂದೇ ಸೀಟಿ. ಅದನ್ನು ಒಡೆಯಲಾಗದೆ ಬಹಳ ಹೊತ್ತು ಯೋಚಿಸಿ, ಕೊನೆಗೆ ತಮ್ಮ ಕೊರಳಿಗೆ ಹಾಕಿಕೊಂಡರು.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಹಾಳೆಯ ವಿಷಯದಲ್ಲಿ. ಇಬ್ಬರೂ ಕಾಲು ಚಾಚಿ ಮಲಗುವಷ್ಟು ದೊಡ್ಡದಾಗಿ, ಹೊಲಿಗೆಗೆ ಹೊಲಿಗೆ ಕೂಡಿಸಿ ನಾನು ಹೊಲಿದಿದ್ದ ಹಾಳೆ ಅದು. ಯಾವ ಕಡೆ ಹಾಕಿದರೂ ತಕ್ಕಡಿ ಒಪ್ಪಲಿಲ್ಲ. "ನಡುವೆ ಕತ್ತರಿಸಿಬಿಡು. ಅಂಚಿಗೆ ರಿಂಗು ಹೊಡಿ. ಬೇಕಾದಾಗ ಹಗ್ಗ ಪೋಣಿಸಿ ಜೋಡಿಸ್ಕೊಳ್ಳೋಣ" ಎಂದರು. ಕತ್ತರಿಸಿದೆ. ಬೈದುಕೊಂಡೇ ಕತ್ತರಿಸಿದೆ, ಆದರೆ ಕತ್ತರಿಸಿದೆ.

ನಾನು ಹಾಕಿದ್ದ ದಾರದ ಉಂಡೆಯನ್ನು ಅವರು ಎತ್ತಿ ಹೊರಗಿಟ್ಟರು. "ಕಾಡಲ್ಲಿ ಯಾವ ಲಾರಿಗೆ ಟಾರ್ಪಾಲು ಹೊಲೀತೀಯೇ?"

ದಾರ, ಸೂಜಿ, ಮೇಣ ಇಲ್ಲದೆ ನಾನು ಬೀದಿ ತುದಿಯ ಅಂಗಡಿಗೂ ಹೋದವಳಲ್ಲ. ಬಸ್ಸು ನಿಂತಲ್ಲಿ ಅವರು ಕಿಟಕಿ ಪಕ್ಕದ ಸೀಟು ಹಿಡಿಯಲು ಹತ್ತಿದಾಗ, ಸೀರೆಯ ಮರೆಯಲ್ಲಿ ತಂದಿದ್ದ ಉಂಡೆಯನ್ನೂ ಮೇಣದ ಗಟ್ಟಿಯನ್ನೂ ಬ್ಯಾಗಿನ ತಳಕ್ಕೆ ತುರುಕಿದೆ.

ಬೆಟ್ಟ ಹತ್ತಿದ್ದು ಮಾತ್ರ ಹಬ್ಬದಂತಿತ್ತು. ದೊಡ್ಡ ಮರಗಳ ಕಾಡು ಮುಗಿದು ಹುಲ್ಲು, ಬಂಡೆ ಶುರುವಾದವು. ದಾರಿಯುದ್ದಕ್ಕೂ ಹಳದಿ ಬಣ್ಣ ಬಳಿದ ಕಂಬಗಳು. ಇವರು ಸಿಳ್ಳೆ ಹಾಕಿಕೊಂಡು ನನಗಿಂತ ಮುಂದೆ ನಡೆದರು. ಮಧ್ಯಾಹ್ನ ಕಳೆದ ಮೇಲೆ ಒಂದು ಕಂಬದ ಬುಡದಲ್ಲಿ ಕೂತೆವು. ಬಾಟಲಿ ಎರಡೂ ಖಾಲಿ. ಕೆಳಗೆಲ್ಲೋ ತೊರೆಯ ಸದ್ದು ಕೇಳುತ್ತಿತ್ತು.

"ನಾನು ತುಂಬ್ಕೊಂಡು ಬರ್ತೀನಿ, ನೀನು ಕಾಲು ಚಾಚ್ಕೊ."

"ಬ್ಯಾಗು ಇಲ್ಲೇ ಬಿಟ್ಟು ಹೋಗ್ರೀ."

"ಬೆಳಗ್ಗೆಯಿಂದ ಹೊತ್ತು ಮೈಗೆ ಒಗ್ಗಿದೆ. ಈಗ ತೆಗೆದ್ರೆ ಮುಂದಕ್ಕೆ ವಾಲ್ತೀನಿ" ಎಂದು ಇಳಿದು ಹೋದರು.

ಅವರ ತಲೆ ಹುಲ್ಲಿನಾಚೆ ಮರೆಯಾಗಿ ಸ್ವಲ್ಪ ಹೊತ್ತಿಗೆಲ್ಲ ಮಂಜು ಬಂತು. ಬಂತು ಎಂದರೆ ಬಾಗಿಲು ಹಾಕಿದಂತೆ ಬಂತು. ನನ್ನ ಕಾಲೇ ನನಗೆ ಮಸುಕಾಗಿ ಕಂಡಿತು. ಕಾದೆ. ಬರಲಿಲ್ಲ. "ರೀ" ಎಂದು ಕರೆದೆ. ನಮ್ಮ ಮನೆಯ ಅಡುಗೆಮನೆಯಿಂದ ಅಂಗಡಿಗೆ ಕೇಳಿಸುವಷ್ಟೇ ಉದ್ದದ ಮಾತು ಅದು, ಕಣಿವೆಗೆ ಎಲ್ಲಿ ಸಾಕಾಗುತ್ತದೆ? ಗಂಟಲು ಹರಿಯುವಂತೆ "ರೀ! ಏನ್ರೀ!" ಎಂದು ಕೂಗಿದೆ. ಆಗ ಕೆಳಗಿನಿಂದ ಸೀಟಿ ಕೇಳಿಸಿತು. ಒಂದು, ತಡೆದು ಇನ್ನೊಂದು. ಬಲಗಡೆಯಿಂದಲೋ ಎಡಗಡೆಯಿಂದಲೋ ಗೊತ್ತಾಗದು, ಬಂಡೆಗಳೆಲ್ಲ ಸೇರಿ ಅದನ್ನೇ ವಾಪಸು ಊದುತ್ತಿದ್ದವು. ನಡೆಯಬಲ್ಲ ಮನುಷ್ಯ ಸೀಟಿ ಊದುತ್ತ ಕೂರುವುದಿಲ್ಲ. ಇವರಿಗೆ ಏನೋ ಆಗಿದೆ.

ಬ್ಯಾಗು ಸುರಿದೆ. ಟಾರ್ಚು ಒತ್ತಿದೆ, ಒಳಗೆ ಸೆಲ್ಲಿಲ್ಲ. ನಕ್ಷೆ ಬಿಚ್ಚಿದೆ, ಯಾವ ಕಡೆ ತಿರುಗಿಸಿ ಹಿಡಿಯಬೇಕೆಂದು ಹೇಳುವ ದಿಕ್ಸೂಚಿ ಇಲ್ಲ. ಖಾಲಿ ಬೆಂಕಿಪೊಟ್ಟಣ ನನ್ನನ್ನು ನೋಡಿ ಹಲ್ಲು ಕಿರಿಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು! ಅಂಗಡಿಯ ಗೆರೆಯನ್ನು ಈ ಬೆಟ್ಟದ ಮೇಲೂ ಎಳೆದುಬಿಟ್ಟೆವಲ್ಲ ಎಂದು ಅಳು ಬಂತು. ಬೆಳಕು ಇಳಿಯುತ್ತಿತ್ತು. ನಾವಿಲ್ಲಿರುವುದು ಯಾರಿಗೂ ಗೊತ್ತಿರಲಿಲ್ಲ, ಪುಟ್ಟಿಗೂ ಕೂಡ. ನಮಗಿದ್ದದ್ದು ಅಂಗಡಿಯ ಫೋನು ಒಂದೇ, ಅದು ಅಲ್ಲೇ ಉಳಿದಿತ್ತು. ನಾನು ಹೋಗದಿದ್ದರೆ ಆ ಮನುಷ್ಯನ ಹತ್ತಿರ ಬೇರೆ ಯಾರೂ ಹೋಗುವುದಿಲ್ಲ. ನಾನೂ ದಾರಿ ತಪ್ಪಿದರೆ ಇಬ್ಬರ ಕಥೆಯೂ ಮುಗಿಯಿತು.

ಬ್ಯಾಗಿನ ತಳದಲ್ಲಿ ಉಂಡೆ ಇತ್ತು.

ದಾರದ ತುದಿಯನ್ನು ಹಳದಿ ಕಂಬಕ್ಕೆ ಕಟ್ಟಿದೆ. ಲಾರಿಯ ಮೂಲೆಗೆ ಹಾಕುವ ಗಂಟು ಅದು, ಎಳೆದಷ್ಟೂ ಬಿಗಿಯುತ್ತದೆ. ಬ್ಯಾಗು ಬೆನ್ನಿಗೇರಿಸಿ, ಉಂಡೆ ಬಿಚ್ಚುತ್ತ ಸದ್ದಿನ ಕಡೆ ಇಳಿದೆ. ಮೊದಲ ಸಲ ಬಲಕ್ಕೆ ಹೋದೆ. ಮುಂದಿಟ್ಟ ಕಾಲಿಗೆ ನೆಲ ಸಿಗಲಿಲ್ಲ, ಕಲ್ಲೊಂದು ಜಾರಿ ಬಹಳ ಹೊತ್ತು ಬೀಳುತ್ತಲೇ ಇತ್ತು. ಅಲ್ಲೇ ಕೂತುಬಿಟ್ಟೆ. ದಾರವಿಲ್ಲದಿದ್ದರೆ ಆ ಹೆದರಿಕೆಯಲ್ಲಿ ಎತ್ತ ಓಡುತ್ತಿದ್ದೆನೋ. ಮೊಣಕೈಗೂ ಅಂಗೈಗೂ ದಾರ ಸುತ್ತಿಕೊಳ್ಳುತ್ತ, ಅದು ಕರೆದಲ್ಲಿಗೆ ಹತ್ತಿ, ವಾಪಸು ಕಂಬ ಮುಟ್ಟಿದೆ. ಎಡಕ್ಕೆ ತಿರುಗಿದೆ. "ಊದ್ತಾ ಇರ್ರೀ! ನಿಲ್ಲಿಸಿದ್ರೆ ನೋಡಿ!" ಎಂದು ಬೈಯುತ್ತಲೇ ಇಳಿದೆ. ಬೈದರೆ ನನಗೆ ಧೈರ್ಯ ಬರುತ್ತದೆ.

ತೊರೆಯ ದಂಡೆಯಲ್ಲಿ ಬಂಡೆಗೊರಗಿ ಕೂತಿದ್ದರು. ಎದೆಯವರೆಗೂ ಒದ್ದೆ. ಪಾಚಿಯ ಮೇಲೆ ಜಾರಿ ಬ್ಯಾಗಿನ ಸಮೇತ ನೀರಿಗೆ ಬಿದ್ದಿದ್ದರು. ಎಡಗಾಲಿನ ಹರಡು ಊದಿ ಸೊಟ್ಟಗಾಗಿತ್ತು. ತುಟಿ ನೀಲಿ. ಸೀಟಿಯನ್ನು ಕಚ್ಚಿ ಹಿಡಿದಿದ್ದ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಸುತ್ತಲೂ ಮುರಿದ ಬೆಂಕಿಕಡ್ಡಿಗಳು. ಬಂಡೆಗೆ ಗೀರಿ ಗೀರಿ ಬಿಸಾಡಿದ್ದರು. ಆ ಕಡ್ಡಿ ಪೊಟ್ಟಣದ ಮಗ್ಗುಲಿಗೆ ಗೀರಿದರೆ ಮಾತ್ರ ಹೊತ್ತುವಂಥದು.

ನನ್ನ ಕೈಯಲ್ಲಿದ್ದ ಉಂಡೆ ನೋಡಿ, "ದಾರ ತಂದ್ಯಾ?" ಎಂದರು.

"ತಂದೆ. ತೂಕ ಜಾಸ್ತಿ ಆಯ್ತು. ಏನೀಗ?"

ಒದ್ದೆ ಬಟ್ಟೆ ಬಿಚ್ಚಿಸಿ, ನನ್ನ ಶಾಲು ಸುತ್ತಿ, ನನ್ನ ಗುಲಾಬಿ ಸ್ವೆಟರು ಹಾಕಿಸಿದೆ. ನಡೆಸಲು ನೋಡಿದೆ, ಆ ಕಾಲಲ್ಲಿ ಎರಡು ಹೆಜ್ಜೆಯೂ ಆಗಲಿಲ್ಲ. ಸರಿ, ರಾತ್ರಿ ಇಲ್ಲೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಬಂಡೆಯ ಚಾಚಿನ ಕೆಳಗೆ ಎಳೆದು ಕೂರಿಸಿದೆ. ಅವರ ಅರ್ಧ ಹಾಳೆ, ನನ್ನ ಅರ್ಧ ಹಾಳೆ ಅಂಚಿಗೆ ಅಂಚು ಇಟ್ಟು, ರಿಂಗುಗಳಿಗೆ ದಾರ ಪೋಣಿಸಿ ಬಿಗಿದು ಗಾಳಿಗೆ ಅಡ್ಡ ಕಟ್ಟಿದೆ. ಚಾಚಿನೊಳಗೆ ಒಣ ಕಡ್ಡಿ ಕೈಗೆ ಸಿಕ್ಕಿದವು. ಮೇಣವನ್ನು ಚಾಕುವಿನಿಂದ ಹೆರೆದು ಅವುಗಳ ನಡುವೆ ಇಟ್ಟೆ.

"ಕಡ್ಡಿ ಡಬ್ಬಿ ಕೊಡಿ."

ಉಳಿದಿದ್ದದ್ದು ಬೆರಳೆಣಿಕೆಯಷ್ಟು. ಡಬ್ಬಿಯಲ್ಲಿ ಹಾಕಿಟ್ಟದ್ದಕ್ಕೆ ಒಣಗಿಯೇ ಇದ್ದವು, ಆ ಮಟ್ಟಿಗೆ ಅವರ ಬುದ್ಧಿಗೆ ಶರಣು. ಮೊದಲ ಕಡ್ಡಿ ಮುರಿಯಿತು. ಮುಂದಿನದು ಹೊತ್ತಿ ಗಾಳಿಗೆ ಆರಿತು. ಅವರು ನಡುಗುವ ಕೈಗಳನ್ನು ಬೊಗಸೆ ಮಾಡಿ ಅಡ್ಡ ಹಿಡಿದರು. ಇನ್ನೊಂದು ಗೀರಿದೆ. ಮೇಣ ಚಟಪಟ ಎಂದು ಹಿಡಿದುಕೊಂಡಿತು.

ಬೆಂಕಿ ನಿಂತ ಮೇಲೆ, ಟಾರ್ಚಿಗೆ ಸೆಲ್ಲು ಹಾಕಿ, ಮಾತ್ರೆ ಕೊಟ್ಟು, ಕಾಲಿಗೆ ಬಟ್ಟೆ ಬಿಗಿದೆ. ಇವರ ಮುಖಕ್ಕೆ ಸ್ವಲ್ಪ ಬಣ್ಣ ಬಂತು. "ನೋಡು, ನಿನ್ನ ಪೊಟ್ಟಣ, ನನ್ನ ಕಡ್ಡಿ. ಎರಡೂ ಸೇರಿದ್ವಲ್ಲ" ಎಂದು ನಗಲು ನೋಡಿದರು.

ನನಗೆ ಎಲ್ಲಿತ್ತೋ ಸಿಟ್ಟು. "ಸೇರಿದ್ದಲ್ಲ ರೀ, ನಾನು ಬಂದು ಸೇರಿಸಿದ್ದು! ನಾನು ಬಲಕ್ಕೇ ಬಿದ್ದು ಹೋಗಿದ್ರೆ? ನೀವು ಇಲ್ಲಿ ಕಡ್ಡಿ ಹಿಡ್ಕೊಂಡು ಸಾಯ್ತಿದ್ರಿ, ನಾನು ಅಲ್ಲಿ ಪೊಟ್ಟಣ ಹಿಡ್ಕೊಂಡು ಸಾಯ್ತಿದ್ದೆ. ಮುಳ್ಳು ಮಾತ್ರ ಸರಿಯಾಗಿ ನಡುವೆ ನಿಂತಿರೋದು!"

ಅವರು ತಲೆ ತಗ್ಗಿಸಿದರು. ಗುಲಾಬಿ ಸ್ವೆಟರಿನ ತೋಳಿಂದ ಕಣ್ಣು ಒರೆಸಿಕೊಂಡರು. ಅದನ್ನು ನೋಡಿ ನಾನೂ ಅತ್ತೆ. ಇಷ್ಟು ವರ್ಷದಲ್ಲಿ ಇವರಿಲ್ಲದೆ ಒಂದು ದಿನ ಕಳೆಯುವುದನ್ನು ನಾನು ಯೋಚಿಸಿಯೇ ಇರಲಿಲ್ಲ, ಆ ಸಂಜೆ ಯೋಚಿಸಿದ್ದೆ.

ದಾರದ ಈಚೆ ತುದಿಯನ್ನು ನನ್ನ ಮಣಿಕಟ್ಟಿಗೆ ಸುತ್ತಿಕೊಂಡು, ಬೆಂಕಿಗೆ ಕಡ್ಡಿ ಹಾಕುತ್ತ, ಅವರು ತೂಕಡಿಸಿದರೆ ತಟ್ಟಿ ಎಬ್ಬಿಸುತ್ತ ಬೆಳಗು ಮಾಡಿದೆ. ಮಂಜು ತೆಳುವಾಗುವ ಹೊತ್ತಿಗೆ ಮಣಿಕಟ್ಟು ಜಗ್ಗಿದಂತಾಯಿತು. ಗಾಳಿ ಇರಬಹುದು ಎಂದುಕೊಂಡೆ. ಮತ್ತೆ ಜಗ್ಗಿತು. ಅವರ ಕೊರಳಿನ ಸೀಟಿ ಕಿತ್ತುಕೊಂಡು ಉಸಿರು ಕಟ್ಟುವವರೆಗೆ ಊದಿದೆ.

"ಅಮ್ಮಾ!"

ದಾರ ಹಿಡಿದುಕೊಂಡೇ ಪುಟ್ಟಿ ಇಳಿದು ಬಂದಳು. ಬೆಳಗ್ಗೆ ದಾರಿ ನೋಡಲು ಹೊರಟವಳಿಗೆ ಕಂಬದ ಮೇಲೆ ಕಿತ್ತಳೆ ಗಂಟು ಕಂಡಿತ್ತು. "ಈ ಗಂಟು ಹಾಕೋರು ನಮ್ಮಮ್ಮ ಒಬ್ಬಳೇ ಅಂತ ಓಡಿ ಬಂದೆ" ಎಂದಳು. ಅಪ್ಪನ ಕಾಲು ಮುಟ್ಟಿ ನೋಡಿದಳು, ಸಂಗಡಿಗರಿಗೆ ಫೋನಿನಲ್ಲಿ ಸ್ಟ್ರೆಚರು ತರಲು ಹೇಳಿದಳು. ಆಮೇಲೆ ಎರಡೂ ಬ್ಯಾಗು ತೆರೆದಳು. ಅರ್ಧ ಬಿಸ್ಕತ್ತು, ಅರ್ಧ ಹಾಳೆ. ಅವಳ ಮುಖ ಕೆಂಪಾಗತೊಡಗಿತು.

"ಅಪ್ಪಾ, ಇದನ್ನ ತೂಗಿದ್ರಾ ನೀವು?"

ಅವಳು ಕೂಗಾಡಿದ ರೀತಿ ನೋಡಿ, ಹಾಲು ಕುಡಿಸಿದ್ದು ಸಾರ್ಥಕವಾಯಿತು ಎಂದುಕೊಂಡೆ. ಬೈದು ಮುಗಿಸಿ ನಮ್ಮಿಬ್ಬರ ನಡುವೆ ಕೂತು, ಚಿಕ್ಕವಳಿದ್ದಾಗಿನಂತೆ ಬಿಕ್ಕಿ ಬಿಕ್ಕಿ ಅತ್ತಳು. ಅವಳ ಕೆಲಸವನ್ನು ಬೈಯಲೆಂದು ಅಷ್ಟು ದೂರ ಹೋಗಿದ್ದ ನನಗೆ ಒಂದು ಮಾತೂ ನೆನಪಾಗಲಿಲ್ಲ.

ಕಾಲಿನ ಪ್ಲಾಸ್ಟರು ಬಿಚ್ಚಿ, ಇವರು ಕೋಲಿಲ್ಲದೆ ನಡೆಯುವಂತಾದ ಮೇಲೆ ನಾನೇ ಹೇಳಿದೆ, "ತಂಗುದಾಣದ ಬಾಗಿಲು ಇನ್ನೂ ತಟ್ಟಿಲ್ಲ. ಹೋಗೇ ಹೋಗ್ಬೇಕು. ಈ ಸಲ ಪುಟ್ಟಿಗೆ ಹೇಳಿ." ಇವರು ಹೂಂ ಎಂದರು. ಹೊಸ ಹಾಳೆ ಎರಡು ಹೊಲಿದೆ, ಎರಡೂ ಇಡಿಯಾದವು. ಮಷೀನು ನಿಲ್ಲಿಸಿ ತಿರುಗಿ ನೋಡಿದರೆ ಎರಡು ಬ್ಯಾಗೂ ತಕ್ಕಡಿಗೆ ನೇತಾಡುತ್ತಿದ್ದವು. ನನಗೆ ರೇಗಿಹೋಯಿತು.

ಎದ್ದು ಹೋಗಿ ನೋಡಿದೆ. ನನ್ನ ಬ್ಯಾಗು ನೆಲ ಮುಟ್ಟುವಷ್ಟು ಇಳಿದಿತ್ತು. ಅವರದರಲ್ಲಿ ಎಲ್ಲವೂ ಒಂದೊಂದಿತ್ತು. ನನ್ನದರಲ್ಲಿ ಎರಡು ಟಾರ್ಚು, ಎರಡು ಬೆಂಕಿಪೊಟ್ಟಣ, ಕೊನೆಗೆ ದಾರವೂ ಎರಡುಂಡೆ.

"ಇದೇನ್ರೀ, ತಕ್ಕಡಿ ಕೆಟ್ಟಿದೆಯಾ?"

"ತಕ್ಕಡಿ ಸರಿಯಾಗೇ ಇದೆ. ಹುಡುಕ್ಕೊಂಡು ಬರೋಳು ನೀನು. ನಿನ್ನ ಹತ್ರ ಜಾಸ್ತಿ ಇರ್ಲಿ. ಹೊರೋಕೆ ಭಾರ ಆದ್ರೆ ನಿಂತು ನಿಂತು ಹೋಗೋಣ."

ಒಂದು ಉಂಡೆ ತೆಗೆದು ಅವರ ಕೈಗಿಟ್ಟೆ. "ಕಳೆದುಹೋಗೋಳು ನಾನಾದ್ರೆ?"

ಉಂಡೆಯನ್ನು ಅವರು ಎತ್ತಿ ಇಳಿಸಿ ತೂಕ ನೋಡಲಿಲ್ಲ. ಸೀಮೆಸುಣ್ಣದ ಗೆರೆ ದಾಟಿ ಬಂದು, ನನ್ನ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ದಾರದ ತುದಿ ಹುಡುಕಿ ನನ್ನ ಮುಂದೆ ಹಿಡಿದರು.

"ಆ ಗಂಟು ಹೇಳಿಕೊಡು" ಎಂದರು.