ಉಚ್ಚಿಲದವರೆಗಿನ ಉಸಿರು

ರೋಗಿಯನ್ನು ಮನೆಗೆ ಮುಟ್ಟಿಸಬೇಕು ಎಂದ ಕೂಡಲೇ ನಮ್ಮ ಐಸಿಯುನಲ್ಲಿ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತದೆ. ಕೊನೆಗೆ ಜೆಸ್ಸಿ ಸಿಸ್ಟರ್ ಹೋಗಲಿ ಎನ್ನುತ್ತಾರೆ. ಕಾರ್ಕಳದ ಈ ಜೆಸ್ಸಿಗೆ, ಎಂದರೆ ನನಗೆ, ಬಾಯಿ ಜೋರು, ಕೈ ಮಾತ್ರ ಹದ ಎಂದು ಮಣಿಪಾಲದಲ್ಲಿ ಹೆಸರಾಗಿಬಿಟ್ಟಿದೆ.

ಇನ್ನು ಮದ್ದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಉಸಿರಿರುವಾಗಲೇ ಮನೆಗೆ ಕರೆದೊಯ್ಯುತ್ತೇವೆ ಎನ್ನುವವರು ನಮ್ಮ ಕಡೆ ಬಹಳ. ವೆಂಟಿಲೇಟರನ್ನು ಜೊತೆಗೆ ಕೊಟ್ಟು ಕಳುಹಿಸಲು ಆಗುವುದಿಲ್ಲವಲ್ಲ. ಹಾಗಾಗಿ ಗಂಟಲಿನ ಕೊಳವೆಗೆ ರಬ್ಬರಿನ ಅಂಬು ಬ್ಯಾಗ್ ಸಿಕ್ಕಿಸಿ, ದಾರಿಯುದ್ದಕ್ಕೂ ಒಬ್ಬರು ಅದನ್ನು ಒತ್ತುತ್ತ ಕೂರಬೇಕು. ಒತ್ತಿದರೆ ಎದೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ.

ಉಚ್ಚಿಲದ ದೂಮಪ್ಪನವರು ಬೋಟಿನಲ್ಲಿ ಬಲೆ ಎಳೆಯುತ್ತಿದ್ದಾಗಲೇ ಕುಸಿದವರು. ಮಿದುಳಿನಲ್ಲಿ ರಕ್ತಸ್ರಾವ. ಮಗ ಜಿತೇಂದ್ರ ನನ್ನಲ್ಲಿ ಕೇಳಿಕೊಂಡದ್ದು ಒಂದೇ. ಮನೆಯ ಹೊರಗೆ ಜೀವ ಹೋದರೆ ಅವರ ಕುಟುಂಬದಲ್ಲಿ ದೇಹವನ್ನು ಒಳಗೆ ತರುವುದಿಲ್ಲವಂತೆ, ಅಂಗಳದಿಂದಲೇ ಕಳುಹಿಸುತ್ತಾರಂತೆ. ಅಪ್ಪ ತಾನು ಕಟ್ಟಿಸಿದ ಮನೆಯೊಳಗೆ, ಚಾವಡಿಯಲ್ಲಿ ಮಲಗಬೇಕು, ಅಮ್ಮನ ಕೈಯಿಂದ ಬಾಯಿಗೆ ನೀರು ಬೀಳಬೇಕು. ಮುಟ್ಟಿಸುತ್ತೇನೆ ಎಂದುಬಿಟ್ಟೆ. ಇಂಥ ಮಾತು ಕೊಡಬೇಡಿ ಎಂದು ಹೊಸ ಹುಡುಗಿಯರಿಗೆ ಬೈಯುವವಳೂ ನಾನೇ.

ಆಂಬುಲೆನ್ಸ್ ಕಟಪಾಡಿ ದಾಟುವಾಗ ಕುತ್ತಿಗೆಯ ನಾಡಿ ಸಿಗಲಿಲ್ಲ. ಬೆರಳು ಸರಿಸಿ ಮತ್ತೆ ಹುಡುಕಿದೆ. ಒಂದು ಕೈಯಲ್ಲಿ ಒತ್ತುತ್ತಲೇ ಎದೆಗೆ ಸ್ಟೆತಾಸ್ಕೋಪ್ ಇಟ್ಟೆ. ನಾನು ತುಂಬುತ್ತಿದ್ದ ಗಾಳಿಯ ಸದ್ದು ಬಿಟ್ಟರೆ ಒಳಗೆ ಬೇರೇನೂ ಇರಲಿಲ್ಲ. ಹೃದಯ ನಿಂತರೆ ಎದೆ ಅದುಮಿ ಹಿಂಸೆ ಕೊಡುವುದು ಬೇಡ ಎಂದು ಮನೆಯವರು ಮೊದಲೇ ಬರೆದುಕೊಟ್ಟಿದ್ದರು. ಎದುರು ಕುಳಿತ ಜಿತೇಂದ್ರ ಅಪ್ಪನ ಪಾದ ಹಿಡಿದುಕೊಂಡು, ಫೋನಿನಲ್ಲಿ ತಾಯಿಗೆ ತುಳುವಿನಲ್ಲಿ ಹೇಳುತ್ತಿದ್ದ: ಉಸಿರಿದೆ, ಕಾಪು ಹತ್ತಿರ ಬಂತು, ಚಾಪೆ ಹಾಸಿಡಿ.

ಡ್ರೈವರ್ ತಾರಾನಾಥ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಅವನಿಗೂ ಇದು ಹೊಸತಲ್ಲ. ಬದಿಗೆ ನಿಲ್ಲಿಸಬೇಕೇ ಎಂದು ಮೆಲ್ಲಗೆ ಕೇಳಿದ. ರಸ್ತೆ ನೋಡಿಕೊಂಡು ಬಿಡಪ್ಪ ಎಂದು ಗದರಿದೆ. ಒತ್ತುವುದನ್ನು ನಿಲ್ಲಿಸಲಿಲ್ಲ. ಕೊಟ್ಟ ಮಾತಿಗೆ ಉಳಿದದ್ದು ಅಷ್ಟೇ ತಾನೇ?

ಚಾವಡಿಗೆ ಹೊತ್ತು ತಂದರು. ನಾನು ಪಕ್ಕದಲ್ಲೇ ಒತ್ತುತ್ತ ಹೊಸ್ತಿಲು ದಾಟಿದೆ. ಹೆಂಡತಿ ನಳಿನಾಕ್ಷಿ ಅಷ್ಟು ದಿನವೂ ಗಂಡನನ್ನು ನೋಡಿದ್ದು ಗಾಜಿನ ಆಚೆಯಿಂದ, ಯಂತ್ರಗಳ ನಡುವೆ. ಈಗ ಹತ್ತಿರ ಕುಳಿತು ಚಮಚದಿಂದ ತುಳಸಿ ನೀರನ್ನು ತುಟಿಯಂಚಿಗೆ ಬಿಟ್ಟರು. ಸದ್ಯ, ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವರು ಗಂಡನ ಎದೆಯ ಮೇಲೆ ಅಂಗೈ ಇಟ್ಟರು. ಎದೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಮಗನೊಡನೆ ತುಳುವಿನಲ್ಲಿ ಏನೋ ಹೇಳಿ, ನನಗಾಗಿ ಕನ್ನಡಕ್ಕೆ ತಿರುಗಿದರು.

"ಮನೆಗೆ ಬಂದದ್ದು ಇವರಿಗೆ ಗೊತ್ತಾಗಿದೆ ಸಿಸ್ಟರ್. ಉಸಿರು ಎಷ್ಟು ಚಂದ ಬರ್ತಾ ಉಂಟು ನೋಡಿ. ವಾಪಸ್ ಮಣಿಪಾಲಕ್ಕೇ ಕರ್ಕೊಂಡು ಹೋಗುವ, ಅಲ್ವಾ?"

ಜಿತೇಂದ್ರನೂ ತಲೆಯೆತ್ತಿದ. ಅವನ ಮುಖದಲ್ಲೂ ಅದೇ ಆಸೆ. ನನಗೆ ನನ್ನ ಕೈಯ ಮೇಲೇ ಹೆದರಿಕೆಯಾಯಿತು. ಇನ್ನೂ ಒತ್ತುತ್ತ ಕುಳಿತರೆ ಅವರು ನಿಜಕ್ಕೂ ಮತ್ತೆ ಗಾಡಿ ಹತ್ತಿಸುತ್ತಿದ್ದರು.

ಬ್ಯಾಗ್ ಬಿಟ್ಟೆ.

ಎದೆಯ ಜೊತೆ ಅವರ ಅಂಗೈಯೂ ಇಳಿಯಿತು. ಅದು ಏಳುವುದನ್ನು ಅವರು ಕಾದರು. ಆಮೇಲೆ ಗಂಡನ ಮುಖ ಬಿಟ್ಟು ನನ್ನ ಕೈಯನ್ನೇ ನೋಡಿದರು.

"ನೀವು ಒತ್ತಿದ್ರೆ ಉಸಿರು ಉಂಟಲ್ಲ. ಮತ್ತೆ ಯಾಕೆ ಬಿಟ್ಟದ್ದು?"

ಉತ್ತರ ನನ್ನಲ್ಲಿತ್ತು. ಕಟಪಾಡಿಯಲ್ಲೇ ಹೋದರಮ್ಮ ಎಂದಿದ್ದರೆ ಸಾಕಿತ್ತು. ಆದರೆ ಹಾಗೆಂದರೆ ದೂಮಪ್ಪನವರನ್ನು ಎತ್ತಿ ಅಂಗಳಕ್ಕೆ ಇಳಿಸಬೇಕಾಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ತಾರಾನಾಥ ನನ್ನನ್ನು ನೋಡಿದ. ನಾನು ಕೊಳವೆಯಿಂದ ಬ್ಯಾಗ್ ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡೆ.

ಈಗ ಬಟ್ಟೆ ಒಗೆದು ಹಿಂಡುವಾಗ ಕೈ ತನ್ನಷ್ಟಕ್ಕೆ ಆ ಲಯಕ್ಕೆ ಬೀಳುತ್ತದೆ. ಒತ್ತು, ಬಿಡು. ಬಿಡುವಾಗ ಯಾರೋ ನನ್ನ ಕೈಯನ್ನೇ ನೋಡುತ್ತಿದ್ದಾರೆ ಎನಿಸಿ ಹಿಂದೆ ತಿರುಗುತ್ತೇನೆ. ದೂಮಪ್ಪನವರು ತಮ್ಮ ಚಾವಡಿಯಲ್ಲೇ, ಹೆಂಡತಿ ಕೊಟ್ಟ ನೀರು ಕುಡಿದು ಹೋದರು ಎಂದು ಉಚ್ಚಿಲದಲ್ಲಿ ಎಲ್ಲರೂ ನಂಬಿದ್ದಾರೆ. ಯಾರ ಕೈಯಿಂದ ಹೋದರು ಎಂಬುದನ್ನು ನಳಿನಾಕ್ಷಿಯವರು ಕಣ್ಣಾರೆ ಕಂಡಿದ್ದಾರೆ.