ಮೂಗಿಗೆ ಕೊಟ್ಟ ವಾರ

ಒಲೆಯ ಮೇಲೆ ಹಾಲು ಸೀದು ಪಾತ್ರೆ ಕಪ್ಪಾಗುತ್ತಿದ್ದಾಗ ನಾನು ಪಕ್ಕದ ಕೋಣೆಯಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದೆ. ಹೊಗೆ ಇನ್ನೂ ಕೋಣೆಗೆ ಬಂದಿರಲಿಲ್ಲ. ವಾಸನೆ ಮಾತ್ರ ಮೆಟ್ಟಿಲ ಬುಡದವರೆಗೂ ಹೋಗಿತ್ತಂತೆ. ಬೀಗ ತೆಗೆದು ಒಳಗೆ ಬಂದ ಅಕ್ಕ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಓಡಿ ಒಲೆ ಆರಿಸಿದಳು. ಕಿಟಕಿ ತೆಗೆದಳು. ಆಮೇಲೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಯಾವಾಗಿನಿಂದ?" ಅಂದಳು.

"ಜ್ವರ ಬಿಟ್ಟಾಗಿನಿಂದ."

"ಡಾಕ್ಟರು?"

"ತೋರಿಸಿದೆ. ಬರಬಹುದು, ಬರದೇನೂ ಇರಬಹುದು, ಕಾಯಿರಿ ಅಂದ್ರು."

"ಅಷ್ಟು ಹೇಳೋಕೆ ಡಾಕ್ಟರ್ ಯಾಕೆ ಬೇಕು? ಬಸ್ ಸ್ಟಾಪಲ್ಲಿ ನಿಂತವರನ್ನ ಕೇಳಿದ್ರೂ ಹೇಳ್ತಾರೆ."

ಬೇರೆ ಯಾರದಾದರೂ ಮೂಗು ಹೀಗೆ ಕೈಕೊಟ್ಟಿದ್ದರೆ ಅದೊಂದು ತಾಪತ್ರಯ, ಅಷ್ಟೆ. ನಾನು ಒಂದು ಟೀ ಕಂಪನಿಯ ರುಚಿಕೋಣೆಯಲ್ಲಿ ಕೆಲಸ ಮಾಡುವವಳು. ತೋಟಗಳಿಂದ ಬಂದ ಟೀ ಸೊಪ್ಪನ್ನು ಬಿಳಿ ಕಪ್ಪುಗಳಲ್ಲಿ ಸಾಲಾಗಿ ಕುದಿನೀರಿಗೆ ಹಾಕಿಟ್ಟಿರುತ್ತಾರೆ. ಚಮಚದಲ್ಲಿ ಎತ್ತಿ ಸೊರ್ರೆಂದು ಎಳೆದು, ಬಾಯಲ್ಲಿ ಹೊರಳಿಸಿ ಉಗಿಯಬೇಕು. ಎಳೆಯುವುದು ಬಾಯಿಯಾದರೂ ಕೆಲಸ ಮೂಗಿನದು. ತೇವದ ಚೀಲದಲ್ಲಿ ಕೂತ ಸೊಪ್ಪು, ಲಾರಿಯಲ್ಲಿ ಸಾಬೂನಿನ ಪಕ್ಕ ಪಯಣಿಸಿದ ಸೊಪ್ಪು ಎಲ್ಲ ನನ್ನ ಹತ್ತಿರ ಸಿಕ್ಕಿಬೀಳುತ್ತಿದ್ದವು. ಅಲ್ಲಿ ಯಾರೂ ಸೆಂಟು ಹಾಕುವಂತಿಲ್ಲ, ಘಮಘಮ ಎನ್ನುವ ಸಾಬೂನು ಮುಟ್ಟುವಂತಿಲ್ಲ. ಕೆಲಸದ ಹೊತ್ತಿನಲ್ಲಿ ಮಾತೂ ಇಲ್ಲ. ಓದು ಮುಗಿಸಿ ಆ ಕೆಲಸಕ್ಕೆ ಸೇರಿದ್ದೇ ಮಾತಿಲ್ಲ ಎಂಬ ಕಾರಣಕ್ಕೆ. ಜನರ ನಡುವೆ ಕೂತು ಸಂಬಳ ತರುವಂಥ ಬೇರೆ ವಿದ್ಯೆ ನನಗೆ ಬರುವುದಿಲ್ಲ.

ನಮ್ಮ ಮುಖ್ಯಸ್ಥರನ್ನು ಎಲ್ಲರೂ ಹಿಂದಿನಿಂದ ದೊಡ್ಡಮೂಗು ಅನ್ನುತ್ತಾರೆ. ಅವರ ಮೂಗು ನಿಜಕ್ಕೂ ಪುಟ್ಟದು, ಗುಂಡಿ ಹೊಲಿದ ಹಾಗೆ. ಇನ್ನೊಂದು ವಾರ ರಜೆ ಬೇಕೆಂದು ಫೋನು ಮಾಡಿದಾಗ ಅವರು, "ಈ ವಾರ ತಗೋ. ಸೋಮವಾರ ಬಂದು ಕಪ್ಪುಗಳ ಮುಂದೆ ನಿಲ್ಲು. ಸುಸ್ತಿದ್ರೆ ಆಮೇಲೆ ನೋಡೋಣ" ಅಂದಿದ್ದರು. ಸುಸ್ತಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ವಾಸನೆ ಹೋಗುವುದೆಂದರೆ ಕತ್ತಲೆಯಾದ ಹಾಗಲ್ಲ. ಇಡೀ ದಿನ ತಿರುಗುತ್ತಿದ್ದ ಫ್ಯಾನು ನಿಂತಾಗ, ಅಲ್ಲಿಯವರೆಗೂ ಸದ್ದಿತ್ತು ಎಂದು ಆಗ ಗೊತ್ತಾಗುತ್ತದಲ್ಲ, ಹಾಗೆ. ನನ್ನ ದಿಂಬು, ನನ್ನ ಅಂಗೈ, ಅಕ್ಕ ಹತ್ತಿರ ಬಂದು ಕೂತದ್ದು, ಎಲ್ಲವೂ ಗಾಜಿನ ಆಚೆ ಇದ್ದಂತಿದ್ದವು. ಮೌನವನ್ನು ಇಷ್ಟಪಡುವವಳು ನಾನು. ಆದರೆ ಇದು ನಾನು ಆರಿಸಿಕೊಂಡ ಮೌನವಲ್ಲ.

ಅಕ್ಕ ಶಾಲೆಯಲ್ಲಿ ಲೆಕ್ಕದ ಟೀಚರು. ಪರೀಕ್ಷೆ ಮುಗಿದು ಅವಳಿಗೂ ರಜೆ. ನನಗೆ ಈರುಳ್ಳಿ ಹೆಚ್ಚಿ ಕೊಟ್ಟಳು, ಕಾಫಿಪುಡಿಯ ಡಬ್ಬಿ ಮೂಗಿಗೆ ಹಿಡಿದಳು. "ಸ್ವಲ್ಪ ಬಂತು ಅನ್ನಿಸ್ತು" ಅಂದೆ.

"ಬರಲಿಲ್ಲ," ಅಂದಳು ಅಕ್ಕ. "ನೀನು ಡಬ್ಬಿ ನೋಡಿ ನೆನಪು ಮಾಡಿಕೊಂಡೆ. ಮೂಸ್ತಾ ಇಲ್ಲ ಕಣೆ, ಕಾಪಿ ಹೊಡೀತಾ ಇದ್ದೀಯ."

ಅದು ನಿಜವೇ. ಗೊತ್ತಿರುವ ಊಟಕ್ಕೆಲ್ಲ ನೆನಪು ಮುಂಚೆಯೇ ಹೋಗಿ ಉತ್ತರ ಬರೆದಿಡುತ್ತಿತ್ತು. ಹಾಗಾಗಿ ನೆನಪಿಗೆ ಸಿಗದ ಊಟ ಬೇಕು ಎಂದು ಅಕ್ಕ ತೀರ್ಮಾನಿಸಿದಳು. ಥಿಯೇಟರಿನ ಎದುರು ಹೊಸದಾಗಿ ಒಂದು ಮೊರಾಕೊದ ಹೋಟೆಲು ತೆರೆದಿತ್ತು. ನಾವಿಬ್ಬರೂ ಆ ಕಡೆಯ ಊಟವನ್ನು ಕಂಡವರೇ ಅಲ್ಲ. ದಿನಾ ಮಧ್ಯಾಹ್ನ ಅಲ್ಲಿ ಒಂದು ಹೊಸ ಪದಾರ್ಥ. ನಾನು ಕಣ್ಣು ಮುಚ್ಚಿ ತಿಂದು ಏನೇನಿದೆ ಹೇಳಬೇಕು. ಸರಿಯೋ ತಪ್ಪೋ ಅವಳು ವಿಚಾರಿಸುತ್ತಾಳೆ.

"ಆಮೇಲೆ ಎದುರುಗಡೆ ಸಿನಿಮಾ," ಅಂದಳು. "ಯಾವುದಿದ್ರೆ ಅದು. ಮನೆಗೆ ಬಂದು ನೀನು ಗೋಡೆ ನೋಡ್ತಾ ಕೂತ್ರೆ ನನಗೆ ಹುಚ್ಚು ಹಿಡಿಯುತ್ತೆ."

ಹೋಟೆಲು ನಡೆಸುತ್ತಿದ್ದ ಹೆಂಗಸು ಮದುವೆಯಾಗಿ ಆ ದೇಶದಿಂದ ಇಲ್ಲಿಗೆ ಬಂದವಳು, ಅಗಲ ಭುಜದವಳು. ಕೈಯಲ್ಲಿ ಸದಾ ಉದ್ದ ಕೊಕ್ಕಿನ ಒಂದು ಕೆಟಲ್. ಅಕ್ಕ ಮೊದಲ ದಿನವೇ ಕೆಟಲಮ್ಮ ಎಂದು ಹೆಸರಿಟ್ಟಳು. ಆಕೆ ತಂದಿಟ್ಟದ್ದು ಶಂಕುವಿನಾಕಾರದ ಮುಚ್ಚಳದ ಮಣ್ಣಿನ ಪಾತ್ರೆ.

"ಮಡಕೆಗೇ ಟೋಪಿ ಹಾಕಿದ್ದಾರೆ," ಅಂದಳು ಅಕ್ಕ. "ನಮಗೆ ಹಾಕದಿದ್ರೆ ಸಾಕು. ಮುಚ್ಚು ಕಣ್ಣು."

ಮುಚ್ಚಳ ಎತ್ತಿದಾಗ ಹಬೆ ಮುಖಕ್ಕೆ ಬಡಿಯಿತು. ಪಕ್ಕದ ಮೇಜಿನಲ್ಲಿ ಯಾರೋ "ಆಹಾ" ಅಂದದ್ದು ಕೇಳಿಸಿತು. ನನಗೆ ಬರೀ ಬಿಸಿ. ತಿಂದೆ. ಮೆತ್ತಗಿನ ಮಾಂಸ, ಉಪ್ಪು, ಹುಳಿ. ನಾಲಿಗೆಯ ತುದಿ ಚುರುಗುಟ್ಟಿತು.

"ಶುಂಠಿ," ಅಂದೆ.

ಅಕ್ಕ ಎದ್ದು ಹೋಗಿ ಕೆಟಲಮ್ಮನನ್ನು ಕೇಳಿ ಬಂದಳು. "ಶುಂಠಿ ಇದೆ. ಆಮೇಲೆ?"

"ನಿಂಬೆ."

"ಇದೆ. ಉಪ್ಪಲ್ಲಿ ನೆನೆಸಿದ್ದಂತೆ. ನೋಡಿದ್ಯಾ?"

ಇನ್ನೊಂದು ತುತ್ತು ತೆಗೆದುಕೊಂಡೆ. ಊಟ ಮುಗಿದ ಮೇಲೆ ಕೆಟಲಮ್ಮ ಅಗಲ ಬಟ್ಟಲು ಹಿಡಿದು ನಮ್ಮ ಕೈಗಳ ಮೇಲೆ ನೀರು ಸುರಿದಳು. ಅದು ಅವರ ಕಡೆಯ ರೂಢಿಯಂತೆ. ನಾನು ತೊಳೆದು ಒರೆಸಿಕೊಂಡೆ. ಅಕ್ಕ ತನ್ನ ಕೈಯನ್ನು ಬಟ್ಟಲ ಮೇಲೆ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು, ಏನೋ ಕೇಳುವವಳ ಹಾಗೆ. ಕೇಳಲಿಲ್ಲ.

"ಬಾ," ಅಂದಳು. "ಸಿನಿಮಾ ಶುರುವಾಗುತ್ತೆ."

ಅವತ್ತು ಹಾಸ್ಯದ ಸಿನಿಮಾ. ಲಿಫ್ಟ್ ನಡೆಸುವವನನ್ನು ಬ್ಯಾಂಕಿನ ಮ್ಯಾನೇಜರೆಂದು ತಪ್ಪು ತಿಳಿದು ಊರಿಗೆ ಊರೇ ಅವನ ಹಿಂದೆ ಬೀಳುತ್ತದೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಅಕ್ಕ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡಳು. ನಕ್ಕು ನೀರು ಬಂದಿರಬೇಕು ಅಂದುಕೊಂಡೆ.

ಮಾರನೆಯ ದಿನ ಮಾಂಸದ ಹೂರಣದ ಮೇಲೆ ಸಕ್ಕರೆ ಉದುರಿಸಿದ ತೆಳು ಪದರಗಳ ಒಂದು ತಿನಿಸು. ಸಕ್ಕರೆಯ ನಡುವೆ ಗಂಟಲಲ್ಲಿ ಏನೋ ಬೆಚ್ಚಗೆ ತರಚಿತು. ದಾಲ್ಚಿನ್ನಿ ಅಂದೆ. ಸರಿಯಾಗಿತ್ತು. ಅವತ್ತಿನ ಸಿನಿಮಾದಲ್ಲಿ ಇಬ್ಬರು ಮುದುಕರು ಹಿಮದ ಮೇಲೆ ನಡೆಯುತ್ತಲೇ ಇರುತ್ತಾರೆ, ಮಾತೇ ಇಲ್ಲ. ಹಿಂದಿನ ಸಾಲಿನವನೊಬ್ಬ "ಇವರು ಊರು ಸೇರೋ ಹೊತ್ತಿಗೆ ನಾವೂ ಮುದುಕರಾಗ್ತೀವಿ" ಎಂದು ಎದ್ದು ಹೋದ. ನನಗೆ ಆ ಸಿನಿಮಾ ಮುಗಿಯಲೇಬಾರದು ಅನ್ನಿಸಿತ್ತು. ಆಗ ನನ್ನಲ್ಲಿ ಆಸೆ ಇತ್ತು.

ನಂತರದ ದಿನ ಊಟದ ಕೊನೆಗೆ ಟೀ ಬಂತು. ಕೆಟಲಮ್ಮ ಕೈಯನ್ನು ತಲೆಯಷ್ಟೆತ್ತರಕ್ಕೆ ಎತ್ತಿ, ಸಣ್ಣ ಗಾಜಿನ ಲೋಟಕ್ಕೆ ಒಂದು ಹನಿಯೂ ಚೆಲ್ಲದಂತೆ ಹುಯ್ದಳು. ಒಳಗೆ ಪುದೀನ ಎಲೆಗಳು ತೇಲುತ್ತಿದ್ದವು. ಅಕ್ಕ ಕಣ್ಣು ಮುಚ್ಚು ಅನ್ನುವುದನ್ನು ಮರೆತಳು. ಎಳೆದೆ. ಸಿಹಿ, ಬಿಸಿ, ಒಗರು. ಇನ್ನೂ ಎಳೆದೆ. ಟೀ ನನ್ನ ಕಸುಬು. ಯಾವ ದೇಶದ್ದಾದರೂ ಒಂದು ಗುಟುಕಿಗೆ ಅದು ನನ್ನೊಡನೆ ಮಾತಾಡಬೇಕಿತ್ತು.

"ಹೇಗಿದೆ?" ಅಂದಳು ಅಕ್ಕ.

"ಚೆನ್ನಾಗಿದೆ."

"ಏನು ಚೆನ್ನಾಗಿದೆ?"

"ಸಕ್ಕರೆ."

ಕೆಟಲಮ್ಮ ಕೈಗೆ ನೀರು ಸುರಿಯಲು ಬಂದಾಗ ಅಕ್ಕನ ಮುಖ ನೋಡಿದಳು, ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಅವತ್ತು ಪ್ರೇಮದ ಸಿನಿಮಾ. ನಾಯಕಿ ಸತ್ತ ಗಂಡನ ಅಂಗಿಯನ್ನು ಮುಖಕ್ಕೊತ್ತಿ ಉಸಿರೆಳೆದುಕೊಳ್ಳುವ ದೃಶ್ಯ ಬಂತು. ನಾನು ಎದ್ದು ಹೊರಗೆ ಹೋಗಿ ಟಿಕೆಟ್ ಕೌಂಟರಿನ ಹತ್ತಿರ ನಿಂತೆ. ನನ್ನ ಅಕ್ಕ ಸತ್ತರೆ ನನಗೆ ಅವಳ ಬಟ್ಟೆ ಬರೀ ಬಟ್ಟೆ ಎಂದು ಹೊಳೆಯಿತು.

ಆಮೇಲಿನ ದಿನಗಳಲ್ಲಿ ನಾನು ತಿಂದದ್ದು ಊಟವಲ್ಲ, ಹುಡುಕಾಟ. ರವೆಯಂಥ ಕಾಳುಗಳ ಗುಡ್ಡೆ ಬಂತು, ಕಡಲೆ ಹಾಕಿದ ಸೂಪು ಬಂತು. ಕಣ್ಣು ಮುಚ್ಚಿ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಏಲಕ್ಕಿ, ಜಾಯಿಕಾಯಿ, ಲವಂಗ, ಸೋಂಪು. ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ.

"ನಿಧಾನ," ಅಂದಳು ಅಕ್ಕ. "ಅಂಗಡಿ ಸಾಮಾನೆಲ್ಲ ಓದಬೇಡ."

"ಒಂದಾದ್ರೂ ಸರಿ ಇದ್ಯಾ?"

"ಊಟ ಮಾಡು ಪುಟ್ಟಿ."

ದೆವ್ವದ ಸಿನಿಮಾ ನೋಡಿದೆವು. ದೆವ್ವ ಬರುವ ಮುಂಚೆ ಆ ಮನೆಯವರಿಗೆಲ್ಲ ಒಂದು ಕೊಳೆತ ವಾಸನೆ ಬರುತ್ತಿತ್ತು. ನನ್ನ ಮನೆಗೆ ಬಂದರೆ ದೆವ್ವಕ್ಕೇ ಬೇಸರವಾದೀತು ಅಂದೆ. ಅಕ್ಕ ಸ್ವಲ್ಪ ತಡವಾಗಿ ನಕ್ಕಳು.

ಭಾನುವಾರ ಮಕ್ಕಳ ಸಿನಿಮಾ ಮಾತ್ರ ಇತ್ತು. ಬಣ್ಣದ ಮೀನುಗಳು ಶಾಲೆಗೆ ಹೋಗುವ ಕಥೆ. ಊಟ ಮುಗಿಸಿ, ಕೈ ತೊಳೆದು, ರಸ್ತೆ ದಾಟಿ ನೇರ ಬಂದು ಕೂತಿದ್ದೆವು. ನನ್ನ ಎಡಗಡೆ ಮೊಮ್ಮಗಳನ್ನು ಕರೆತಂದ ಒಬ್ಬ ವಯಸ್ಸಾದ ಹೆಂಗಸು. ಮಧ್ಯಂತರದಲ್ಲಿ ದೀಪ ಹತ್ತಿದಾಗ ಆಕೆ ನನ್ನ ಕಡೆ ಬಾಗಿದರು.

"ತಪ್ಪು ತಿಳೀಬೇಡಿ, ಯಾವ ಸೆಂಟು ಹಾಕ್ತೀರಿ ನೀವು? ಆಗಿನಿಂದ ಕೇಳಬೇಕು ಅಂತಿದ್ದೆ."

"ನಾನು ಸೆಂಟು ಹಾಕಲ್ಲ," ಅಂದೆ. ಮಾತು ಸ್ವಲ್ಪ ಒರಟಾಗೇ ಬಂತು. ನಮ್ಮ ಕಸುಬಿನವರಿಗೆ ಅದು ಬೈಗುಳ.

"ಅಯ್ಯೋ, ಹಾಕಿದ್ದೀರಿ. ಕಿತ್ತಳೆ ಹೂವಿನ ಘಮ. ನಿಮ್ಮ ಕೈಯಿಂದಲೇ ಬರ್ತಿದೆ, ನೋಡಿ."

ನಾನು ಎರಡೂ ಅಂಗೈಗಳನ್ನು ಮುಖಕ್ಕೆ ಒತ್ತಿ ಹಿಡಿದೆ. ಉಸಿರೆಳೆದೆ. ಎಳೆದೆ. ತಂಪಾದ ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಬೆರಳ ಸಂದಿಯಿಂದ ಅಕ್ಕನನ್ನು ನೋಡಿದೆ. ಅವಳು ಖಾಲಿ ಪರದೆಯನ್ನು ನೋಡುತ್ತಿದ್ದಳು.

ಹೊರಗೆ ಬಂದು ಥಿಯೇಟರಿನ ಮೆಟ್ಟಿಲ ಮೇಲೆ ಕೂತೆವು. ಒಳಗೆ ಮೀನುಗಳ ಹಾಡು ಮತ್ತೆ ಶುರುವಾಗಿತ್ತು.

"ಆ ನೀರಾ?" ಅಂದೆ.

"ಹೂವಿನ ನೀರು. ಅವರಲ್ಲಿ ಊಟ ಆದ ಮೇಲೆ ಕೈಗೆ ಹಾಕ್ತಾರಂತೆ."

"ದಿನಾ?"

"ದಿನಾ."

"ಮೊದಲ ದಿನವೇ ನಿನಗೆ ಗೊತ್ತಾಯ್ತು."

"ಹೋಟೆಲಿಗೆಲ್ಲ ಹರಡುತ್ತೆ ಕಣೆ ಆ ವಾಸನೆ. ನೀನು ನಲ್ಲಿ ನೀರಲ್ಲಿ ತೊಳೆದ ಹಾಗೆ ತೊಳೆದು ಒರೆಸಿಕೊಂಡೆ." ಅವಳು ಸೀರೆಯ ನೆರಿಗೆಯನ್ನು ಮಡಿಸುತ್ತಾ ಬಿಡಿಸುತ್ತಾ ಇದ್ದಳು. "ಅವಳಿಗೆ ಹೇಳಿದೆ, ಏನೂ ಹೇಳಬೇಡಮ್ಮಾ, ಸುಮ್ನೆ ಸುರೀತಾ ಇರು ಅಂತ. ನಾಳೆ ತಾನಾಗೇ ಕೇಳ್ತಾಳೆ, ಏನಿದು ನೀರು ಅಂತ. ನಾಳೆ ಕೇಳ್ತಾಳೆ ಅಂತ..."

"ಶುಂಠಿ ಸರಿ ಹೇಳಿದ್ನಲ್ಲ? ದಾಲ್ಚಿನ್ನಿ?"

ಕೇಳುವಾಗಲೇ ಉತ್ತರ ಗೊತ್ತಿತ್ತು. ಶುಂಠಿ ನಾಲಿಗೆಗೆ ಚುಚ್ಚುತ್ತದೆ. ದಾಲ್ಚಿನ್ನಿ ಗಂಟಲಿಗೆ ಬೆಚ್ಚಗೆ ತಾಗುತ್ತದೆ. ಹುಳಿಗೆ ಮೂಗೇ ಬೇಡ. ಚುಚ್ಚದ, ಸುಡದ, ಒಗರಿಲ್ಲದ ಒಂದೇ ಪ್ರಶ್ನೆಯನ್ನು ನನ್ನ ಕೈಗೆ ದಿನಾ ಸುರಿದಿದ್ದರು. ನಾನು ಅದನ್ನು ಟವೆಲಿಗೆ ಒರೆಸಿದ್ದೆ.

"ಆ ನಗೋ ಸಿನಿಮಾದಲ್ಲಿ ಯಾಕೆ ಅಳ್ತಿದ್ದೆ?" ಅಂದೆ.

"ಪಕ್ಕದಲ್ಲಿ ಕೂತು ಘಮ್ ಅಂತಿದ್ದೆ ನೀನು," ಅಂದಳು. "ಇನ್ನೇನು ಮಾಡ್ಲಿ."

ಸೋಮವಾರ ರುಚಿಕೋಣೆಗೆ ಹೋದಾಗ ಕಪ್ಪುಗಳು ಸಾಲಾಗಿದ್ದವು. ನಮ್ಮಲ್ಲಿ ಪ್ರತಿಯೊಬ್ಬರಿಗೂ ಅವರವರದೇ ಚಮಚ. ನನ್ನದನ್ನು ದೊಡ್ಡಮೂಗು ತೊಳೆಸಿ, ಬಿಳಿ ಬಟ್ಟೆಯ ಮೇಲೆ ಇಡಿಸಿದ್ದರು.

"ಶುರು ಮಾಡು," ಅಂದರು.

ಮೊದಲ ಕಪ್ಪಿನ ಬಣ್ಣ ತಾಮ್ರದಂತೆ ಹೊಳೆಯುತ್ತಿತ್ತು. ಎಳೆದಾಗ ಒಗರು ನಾಲಿಗೆಯ ಎರಡೂ ಬದಿ ಹಿಡಿಯಿತು. ಯಾವ ತೋಟದ್ದೆಂದು ಹೇಳಿದೆ. ಅವರು ತಲೆಯಾಡಿಸಿದರು. ಎರಡನೆಯದು ಪೇಲವ, ಸಪ್ಪೆ. ಅದನ್ನೂ ಹೇಳಿದೆ. ಅದೂ ಸರಿಯಾಗಿತ್ತು. ಕಣ್ಣು, ನಾಲಿಗೆ, ಇಷ್ಟು ವರ್ಷದ ನೆನಪು, ಇವಿಷ್ಟರಿಂದಲೇ ಇಲ್ಲಿ ದಿನ ದೂಡಬಹುದು ಎಂದು ಆಗ ಗೊತ್ತಾಯಿತು. ಯಾರಿಗೂ ತಿಳಿಯದ ಹಾಗೆ, ಎಷ್ಟೋ ಕಾಲ.

"ಸುಮ್ನೆ ಹೆದರಿಸಿದ್ದೆಯಲ್ಲ," ಅಂದರು ದೊಡ್ಡಮೂಗು. ಅವರ ಮುಖ ಸಡಿಲವಾಗಿತ್ತು.

ಮೂರನೆಯ ಕಪ್ಪಿನ ಬಣ್ಣ ಚೆನ್ನಾಗಿತ್ತು. ಒಗರಿನ ಹಿಡಿತವೂ ಇತ್ತು. ಉಗಿದು ಮತ್ತೆ ಎಳೆದೆ. ಕೋಣೆಯಲ್ಲಿ ಸದ್ದಿರಲಿಲ್ಲ. ಆ ಸದ್ದಿಲ್ಲದ ಜಾಗದಲ್ಲೇ ಮೊದಲೆಲ್ಲ ಏನೋ ಒಂದು ಎದ್ದು ಬಂದು ನನಗೆ ಹೇಳುತ್ತಿತ್ತು. ಕಾದೆ. ಅವರೂ ಕಾಯುತ್ತಿದ್ದರು. ಚೆನ್ನಾಗಿದೆ ಅಂದರೆ ಆ ಚೀಲಗಳೆಲ್ಲ ಮಿಶ್ರಣಕ್ಕೆ ಹೋಗುತ್ತವೆ, ಅಲ್ಲಿಂದ ಮನೆಮನೆಗೆ.

"ಇದು ಚೆನ್ನಾಗಿದೆಯೋ ಕೆಟ್ಟಿದೆಯೋ ನನಗೆ ಗೊತ್ತಾಗ್ತಿಲ್ಲ ಸರ್," ಅಂದೆ. "ಮುಂಚಿನ ಎರಡೂ ಗೊತ್ತಾಗ್ಲಿಲ್ಲ. ನೋಡಿ ಹೇಳಿದೆ."

ಅವರು ಆ ಕಪ್ಪನ್ನು ಎತ್ತಿ ದೂರದ ತೊಟ್ಟಿಗೆ ಚೆಲ್ಲಿ ಬಂದರು.

"ಸೀಮೆಎಣ್ಣೆ," ಅಂದರು ಮೆಲ್ಲಗೆ. "ಬಾಗಿಲಿಂದಲೇ ಹೊಡೀತಿತ್ತು ಅಮ್ಮಾ."

ಹತ್ತಿರ ಬಂದು ನನ್ನ ಬೆರಳುಗಳಿಂದ ಚಮಚ ತೆಗೆದುಕೊಂಡರು. ನಲ್ಲಿಯ ಕೆಳಗೆ ಹಿಡಿದು ತೊಳೆದರು, ಬಿಳಿ ಬಟ್ಟೆಯಲ್ಲಿ ಒರೆಸಿದರು. ಅದನ್ನು ಎಲ್ಲಿಡುವುದೆಂದು ತೋಚದೆ ಕೈಯಲ್ಲೇ ಹಿಡಿದು ನಿಂತರು.